ಹಳೆಯ ವಾಕಿಂಗ್ ಫುಟ್ ಯಂತ್ರವನ್ನು ಚರ್ಮದ ಹೊಲಿಗೆಗೆ ಅಣಿಗೊಳಿಸುವುದು

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನವನು. ಚರ್ಮದ ಬೆಲ್ಟು, ಹೆಗಲಚೀಲಗಳ ಜೊತೆಗೆ ದೀಪಾವಳಿಯ ಹೋರಿ ಹಬ್ಬಕ್ಕೆ ಕೊರಳಪಟ್ಟಿ, ಗೆಜ್ಜೆಪಟ್ಟಿಗಳನ್ನು ಇದುವರೆಗೆ ಕೈಯಿಂದಲೇ ಹೊಲಿಯುತ್ತಿದ್ದೆ. ಈಚೆಗೆ ಹುಬ್ಬಳ್ಳಿಯಲ್ಲಿ ಹಳೆಯ ಯಂತ್ರಗಳ ವ್ಯಾಪಾರಿಯೊಬ್ಬರಿಂದ ಜೂಕಿ ಎಲ್‌ಯು-563 ಮಾದರಿಯ ವಾಕಿಂಗ್ ಫುಟ್ ಯಂತ್ರವನ್ನು ಟೇಬಲ್ ಸಮೇತ ಕೊಂಡು ತಂದಿದ್ದೇನೆ. ಅದಕ್ಕಿರುವುದು ಮೂರು ಫೇಸಿನ ಕ್ಲಚ್ ಮೋಟಾರು (ಸದಾ ತಿರುಗುತ್ತಿದ್ದು, ಪೆಡಲ್ ಒತ್ತಿದಾಗ ಮಾತ್ರ ಯಂತ್ರವನ್ನು ಓಡಿಸುವಂಥದ್ದು). ನಮ್ಮ ಮನೆಯದು ಸಿಂಗಲ್ ಫೇಸ್. ಅಂಗಡಿಯಲ್ಲಿ ಬಟ್ಟೆಯ ಮೇಲೆ ಚೆನ್ನಾಗಿ ಹೊಲಿದ ಯಂತ್ರ, ಊರಿನ ವರ್ಕ್‌ಶಾಪಿನಲ್ಲಿ ಎರಡು ಪದರ ಚರ್ಮ ಕೊಟ್ಟು ನೋಡಿದಾಗ ಹೊಲಿಗೆ ತಪ್ಪಿಸಿತು, ದಾರ ಹರಿಯಿತು, ಚರ್ಮದ ಮೇಲೆ ಹಲ್ಲಿನ ಗುರುತೂ ಬಿತ್ತು. ಟೈಮಿಂಗ್ (ಸೂಜಿಗೂ, ಅದರ ದಾರವನ್ನು ಕೆಳಗೆ ಹಿಡಿಯುವ ಹುಕ್ಕಿಗೂ ಇರುವ ಹೊಂದಾಣಿಕೆ) ಹೋಗಿದೆ, ಹುಕ್ ಬದಲಿಸಬೇಕು ಎಂದು ಮಿಸ್ತ್ರಿ ಹೇಳುತ್ತಾರೆ. ಬದಲಿಸಲೇಬೇಕೆ? ಯಾವ ಕೆಲಸವನ್ನು ಮೊದಲು ಮಾಡಬೇಕು? ನನ್ನ ಎಲ್ಲ ಕೆಲಸಕ್ಕೂ ಈ ಯಂತ್ರ ಸಾಕಾಗುವುದೇ?

ಉತ್ತರ: ಹುಕ್ ಬದಲಿಸಬೇಡಿ, ಸದ್ಯಕ್ಕೆ ಹುಕ್ಕಿನ ಒಂದು ಸ್ಕ್ರೂವನ್ನೂ ಯಾರಿಗೂ ಸಡಿಲಿಸಗೊಡಬೇಡಿ. ಬಟ್ಟೆಯ ಮೇಲೆ ಸರಿಯಾಗಿ ಹೊಲಿದ ಯಂತ್ರದ ಟೈಮಿಂಗ್ ಹುಬ್ಬಳ್ಳಿಯಿಂದ ರಾಣೆಬೆನ್ನೂರಿಗೆ ಬರುವಷ್ಟರಲ್ಲಿ ಕೆಡುವ ಸಂಭವ ಬಹಳ ಕಡಿಮೆ. ನೀವು ಹೇಳಿರುವ ಮೂರು ದೋಷಗಳಿಗೂ, ಅಂದರೆ ಹೊಲಿಗೆ ತಪ್ಪುವುದು, ದಾರ ಹರಿಯುವುದು, ಗುರುತು ಬೀಳುವುದು, ಇವುಗಳಿಗೆ ಹೆಚ್ಚಾಗಿ ಕಾರಣವಾಗುವುದು ವೇಗ, ಸೂಜಿ, ದಾರ ಮತ್ತು ಪ್ರೆಸ್ಸರ್ ಫುಟ್ (ಚರ್ಮವನ್ನು ಮೇಲಿನಿಂದ ಒತ್ತಿ ಹಿಡಿಯುವ ಪಾದ). ಇವು ನಾಲ್ಕೂ ಬಟ್ಟೆಗೆ ಹೊಂದಿಸಿದ ಸ್ಥಿತಿಯಲ್ಲೇ ನಿಮ್ಮ ಕೈಗೆ ಬಂದಿವೆ. ಇವನ್ನು ಚರ್ಮಕ್ಕೆ ಹೊಂದಿಸದೆ ಟೈಮಿಂಗಿಗೆ ಕೈ ಹಾಕಿದರೆ, ಸರಿಯಿದ್ದ ಒಂದು ಸಂಗತಿಯೂ ಕೆಟ್ಟು, ಆಮೇಲೆ ದೋಷ ಎಲ್ಲಿದೆ ಎಂದು ಹುಡುಕುವುದೇ ಕಷ್ಟವಾಗುತ್ತದೆ. ನಿಮ್ಮ ಮಿಸ್ತ್ರಿಯವರ ಅನುಭವವನ್ನು ನಾನು ಕಡೆಗಣಿಸುತ್ತಿಲ್ಲ. ನಮ್ಮ ಭಾಗದ ಮಿಸ್ತ್ರಿಗಳ ಕೈಗೆ ದಿನವೂ ಬರುವವು ಗಾರ್ಮೆಂಟ್ ಯಂತ್ರಗಳು. ಅಲ್ಲಿ ಹೊಲಿಗೆ ತಪ್ಪಿದರೆ ಟೈಮಿಂಗ್ ನೋಡುವುದು ಸಹಜವೇ. ಚರ್ಮದಲ್ಲಿ ಹೊಲಿಗೆ ತಪ್ಪುವುದಕ್ಕೆ ಬೇರೆಯದೇ ಕಾರಣವಿರುತ್ತದೆ. ಅದನ್ನು ಸೂಜಿಯ ವಿಷಯ ಬಂದಾಗ ವಿವರಿಸುತ್ತೇನೆ.

ಮೊದಲಿಗೆ, ನೀವು ಆರಿಸಿಕೊಂಡಿರುವ ಯಂತ್ರದ ಜಾತಿ ಸರಿಯಾಗಿದೆ. ಗಾರ್ಮೆಂಟ್ ಘಟಕಗಳಲ್ಲಿ ಕಾಣುವ ಜೂಕಿ ಡಿಡಿಎಲ್-5550, 8700 ಮುಂತಾದ ಸಾಮಾನ್ಯ ಯಂತ್ರಗಳಲ್ಲಿ ಕೆಳಗಿನ ಫೀಡ್ ಹಲ್ಲು ಮಾತ್ರ ಬಟ್ಟೆಯನ್ನು ಸಾಗಿಸುತ್ತದೆ, ಮೇಲಿನ ಫುಟ್ ಸುಮ್ಮನೆ ಒತ್ತಿ ಹಿಡಿದಿರುತ್ತದೆ. ಚರ್ಮದ ಎರಡು ಪದರ ಕೊಟ್ಟರೆ ಕೆಳಗಿನದು ಮುಂದೆ ಹೋಗಿ, ಫುಟ್ಟಿಗೆ ಅಂಟಿಕೊಂಡ ಮೇಲಿನದು ಹಿಂದೆ ಉಳಿಯುತ್ತದೆ. ವಾಕಿಂಗ್ ಫುಟ್ ಯಂತ್ರದಲ್ಲಿ ಕೆಳಗಿನ ಹಲ್ಲು, ಚರ್ಮದೊಳಗೆ ಇಳಿದಿರುವ ಸೂಜಿ ಮತ್ತು ಒಳಗಿನ ಫುಟ್ ಮೂರೂ ಒಟ್ಟಿಗೆ ಹಿಂದಕ್ಕೆ ಚಲಿಸಿ ಎಲ್ಲ ಪದರಗಳನ್ನೂ ಒಂದೇ ಅಳತೆಯಲ್ಲಿ ಸಾಗಿಸುತ್ತವೆ. ಅವು ಮುಂದಿನ ಹೆಜ್ಜೆಗೆ ಮರಳುವಾಗ ಹೊರಗಿನ ಫುಟ್ ಚರ್ಮವನ್ನು ಹಿಡಿದು ನಿಲ್ಲಿಸುತ್ತದೆ. ಹೀಗಾಗಿ ಪದರ ಸರಿಯುವ ತೊಂದರೆ ನಿಮಗಿಲ್ಲ.

ಈಗ ಮೋಟಾರಿನ ಮಾತು. ನನ್ನ ಅಭಿಪ್ರಾಯದಲ್ಲಿ ನೀವು ಮೊದಲು ಹಣ ಹಾಕಬೇಕಾದದ್ದು ಇಲ್ಲಿಯೇ. ಎರಡು ಪೋಲಿನ ಕ್ಲಚ್ ಮೋಟಾರು 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ ಸುಮಾರು 2,850 ಸುತ್ತು ತಿರುಗುತ್ತದೆ. ಮೋಟಾರಿನ ಪುಲ್ಲಿ 75 ಮಿ.ಮೀ., ಯಂತ್ರದ ಹ್ಯಾಂಡ್ ವೀಲಿನ ಪುಲ್ಲಿ 100 ಮಿ.ಮೀ. ಇದ್ದರೆ ಪೂರ್ತಿ ಪೆಡಲ್ ಒತ್ತಿದಾಗ ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಹೊಲಿಗೆ ಬೀಳುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 35. ನುರಿತ ಕೆಲಸಗಾರರು ಪೆಡಲನ್ನು ಅರೆಬರೆ ಒತ್ತಿ ಕ್ಲಚ್ಚನ್ನು ಜಾರಿಸುತ್ತಾ ನಿಧಾನವಾಗಿ ಹೊಲಿಯುವುದುಂಟು. ಆದರೆ ಕೊರಳಪಟ್ಟಿಯ ಅಂಚಿನಿಂದ 4 ಮಿ.ಮೀ. ಒಳಗೆ ನೇರವಾಗಿ ಹೊಲಿದು, ಮೂಲೆಯಲ್ಲಿ ಸರಿಯಾದ ರಂಧ್ರಕ್ಕೇ ನಿಲ್ಲಬೇಕಾದ ನಿಮಗೆ ಆ ವೇಗ ಬೇಕಾಗಿಯೇ ಇಲ್ಲ. ಅತಿ ವೇಗದಿಂದ ಸೂಜಿ ಕಾಯುತ್ತದೆ, ಕಾದ ಸೂಜಿಯ ಕಣ್ಣಿನಲ್ಲಿ ನೈಲಾನ್ ದಾರ ಮೆದುವಾಗಿ ಹರಿಯುತ್ತದೆ. ನಿಮ್ಮ ದಾರ ಹರಿಯುತ್ತಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಮೂರು ಫೇಸಿನ ಮೋಟಾರನ್ನು ಕೆಪಾಸಿಟರ್ ಕಟ್ಟಿ ಸಿಂಗಲ್ ಫೇಸಿನಲ್ಲಿ ಓಡಿಸಬಹುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಓಡುತ್ತದೆ ನಿಜ, ಆದರೆ ಬಲ ಕುಗ್ಗುತ್ತದೆ, ಮೋಟಾರು ಕಾಯುತ್ತದೆ. ಸಿಂಗಲ್ ಫೇಸಿನಿಂದ ಮೂರು ಫೇಸ್ ಕೊಡುವ ವಿಎಫ್‌ಡಿ ಎಂಬ ಸಾಧನವಿದೆ. ಅದು ಕೊಡುವುದು 230 ವೋಲ್ಟಿನ ಮೂರು ಫೇಸ್ ಆದ್ದರಿಂದ, 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿರುವ ಮೋಟಾರನ್ನು ಡೆಲ್ಟಾಗೆ ಬದಲಿಸಬೇಕಾಗುತ್ತದೆ. ಅಷ್ಟೆಲ್ಲ ಮಾಡಿದ ಮೇಲೂ ನಿಮ್ಮ ಕೈಯಲ್ಲಿ ಉಳಿಯುವುದು ಕ್ಲಚ್ ಮೋಟಾರೇ. ಅದರ ಬದಲು 550 ಅಥವಾ 750 ವ್ಯಾಟಿನ ಸಿಂಗಲ್ ಫೇಸ್ ಸರ್ವೋ ಮೋಟಾರು (ಪೆಡಲ್ ಒತ್ತಿದಾಗ ಮಾತ್ರ, ಒತ್ತಿದಷ್ಟೇ ವೇಗದಲ್ಲಿ ತಿರುಗುವಂಥದ್ದು) ಹಾಕಿಸಿ, 750 ಸಿಕ್ಕರೆ ಒಳ್ಳೆಯದು. ಸಾಮಾನ್ಯವಾಗಿ ಟೇಬಲ್ಲಿನ ಅಡಿಯಲ್ಲಿ ಹಳೆಯ ಮೋಟಾರಿನ ಬೋಲ್ಟ್ ರಂಧ್ರಗಳಿಗೇ ಅದು ಕೂರುತ್ತದೆ. ಮೋಟಾರಿಗೆ ಸಿಗುವಷ್ಟು ಚಿಕ್ಕ ಪುಲ್ಲಿಯನ್ನು, 45ರಿಂದ 50 ಮಿ.ಮೀ.ನದನ್ನು, ಹಾಕಿಸಿಕೊಳ್ಳಿ. ಮೋಟಾರಿನ ಕನಿಷ್ಠ ವೇಗ ನಿಮಿಷಕ್ಕೆ 200 ಸುತ್ತಿದ್ದರೆ, 50ಕ್ಕೆ 100 ಮಿ.ಮೀ. ಪುಲ್ಲಿಯಲ್ಲಿ ನಿಮಿಷಕ್ಕೆ 100 ಹೊಲಿಗೆ, ಅಂದರೆ ಸೆಕೆಂಡಿಗೆ ಎರಡಕ್ಕಿಂತ ಕಡಿಮೆ. ಕಣ್ಣಿಟ್ಟು ಎಣಿಸಿ ಹೊಲಿಯಬಹುದು. ಗರಿಷ್ಠ ವೇಗವನ್ನೂ ಮೋಟಾರಿನ ಪೆಟ್ಟಿಗೆಯಲ್ಲೇ ಕಡಿಮೆಗೆ ಕಟ್ಟಿಹಾಕಿಬಿಡಿ. ಅಗ್ಗದ ಸರ್ವೋಗಳು ತೀರ ಕಡಿಮೆ ವೇಗದಲ್ಲಿ ದಪ್ಪ ಚರ್ಮ ಎದುರಾದರೆ ಸೂಜಿಯನ್ನು ಒಳಗೆ ತಳ್ಳಲಾರದೆ ನಿಂತುಬಿಡುತ್ತವೆ. ಹಾಗಾದರೆ ಮೋಟಾರಿಗೂ ಯಂತ್ರಕ್ಕೂ ನಡುವೆ ಒಂದಕ್ಕೆ ಮೂರರ ಸ್ಪೀಡ್ ರಿಡ್ಯೂಸರ್ ಪುಲ್ಲಿ ಕೂಡಿಸಿದರೆ ವೇಗ ಮೂರನೆಯ ಒಂದಕ್ಕೆ ಇಳಿದು, ತಳ್ಳುವ ಬಲ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಇದನ್ನು ಮೊದಲೇ ಕೊಳ್ಳಬೇಕಿಲ್ಲ. ಸರ್ವೋ ಹಾಕಿ ಹೊಲಿದು ನೋಡಿ ನಿರ್ಧರಿಸಿ.

ಮೋಟಾರು ಕೂಡಿಸಿದ ಕೂಡಲೇ ತಿರುಗುವ ದಿಕ್ಕನ್ನು ನೋಡಿ. ಹ್ಯಾಂಡ್ ವೀಲಿನ ಮೇಲ್ಭಾಗ ಹೊಲಿಯುವವರ ಕಡೆಗೆ ಬರಬೇಕು. ಮೂರು ಫೇಸಿನ ಮೋಟಾರಿಗೆ ಎರಡು ತಂತಿ ಅದಲುಬದಲಾದರೆ ಅದು ಹಿಮ್ಮುಖವಾಗಿ ತಿರುಗುತ್ತದೆ, ಸರ್ವೋದಲ್ಲೂ ದಿಕ್ಕಿನ ಸೆಟ್ಟಿಂಗ್ ತಪ್ಪಾಗಿರಬಹುದು. ಹಿಮ್ಮುಖವಾಗಿ ತಿರುಗುವ ಯಂತ್ರ ದಾರವನ್ನು ಹುಕ್ಕಿನ ಸುತ್ತ ಗಂಟು ಕಟ್ಟಿ ನಿಲ್ಲಿಸುತ್ತದೆ. ಆ ವರ್ಕ್‌ಶಾಪಿನಲ್ಲಿ ಮೂರು ಫೇಸಿಗೆ ಜೋಡಿಸಿದಾಗ ದಿಕ್ಕು ಹೇಗಿತ್ತು ಎಂಬುದನ್ನು ಒಮ್ಮೆ ವಿಚಾರಿಸಿ. ಬೆಲ್ಟನ್ನು ನಡುವೆ ಬೆರಳಿನಿಂದ ಒತ್ತಿದರೆ ಸುಮಾರು 15 ಮಿ.ಮೀ. ಒಳಗೆ ಹೋಗುವಷ್ಟು ಬಿಗಿ ಸಾಕು. ಹಳ್ಳಿಯ ಫೀಡರಿನಲ್ಲಿ ಪಂಪ್‌ಸೆಟ್ಟುಗಳು ಚಾಲೂ ಆದಾಗ ವೋಲ್ಟೇಜ್ ಇಳಿದರೆ ಸರ್ವೋದ ಪೆಟ್ಟಿಗೆ ಎರರ್ ತೋರಿಸಿ ನಿಲ್ಲುತ್ತದೆ. ನಿಮ್ಮೂರಿನಲ್ಲಿ ಆ ತೊಂದರೆ ಇದ್ದರೆ ಸ್ಟೆಬಿಲೈಸರ್ ಇಡಿ. ಅರ್ಥಿಂಗ್ ಮಾತ್ರ ಕಡ್ಡಾಯ. ಪ್ಲಗ್ಗಿನ ಮೂರನೆಯ ಪಿನ್ನಿಗೆ ನಿಜವಾದ ಅರ್ಥ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿ, ಯಂತ್ರದ ಕಬ್ಬಿಣದ ಸ್ಟ್ಯಾಂಡಿಗೂ ಅದನ್ನು ಜೋಡಿಸಿ. ಇನ್ನೊಂದು ಮಾತು: ಕ್ಲಚ್ ಮೋಟಾರು ಗುಂಯ್‌ಗುಡುತ್ತಾ ತಾನು ಚಾಲೂ ಇರುವುದನ್ನು ತಿಳಿಸುತ್ತದೆ, ಸರ್ವೋ ಸದ್ದಿಲ್ಲದೆ ಕಾದಿರುತ್ತದೆ. ಆದ್ದರಿಂದ ಸೂಜಿ ಬದಲಿಸುವಾಗ, ದಾರ ಪೋಣಿಸುವಾಗ ಸ್ವಿಚ್ ಆರಿಸುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ.

ಯಂತ್ರವನ್ನು ಶುಚಿ ಮಾಡುವುದು ಕಷ್ಟದ ಕೆಲಸವಲ್ಲ. ನೀಡಲ್ ಪ್ಲೇಟ್ ತೆಗೆದು, ಯಂತ್ರದ ತಲೆಯನ್ನು ಹಿಂದಕ್ಕೆ ಮಗುಚಿ, ಫೀಡ್ ಹಲ್ಲಿನ ನಡುವೆ ಗಟ್ಟಿಯಾಗಿ ಕೂತ ನಾರು, ದಾರದ ತುಂಡುಗಳನ್ನು ಚಿಮಟಿಗೆಯಿಂದ ಕೀಳಿ. ಒಣಗಿ ಅಂಟಾದ ಹಳೆಯ ಎಣ್ಣೆಯನ್ನು ಸೀಮೆಎಣ್ಣೆ ಅದ್ದಿದ ಕುಂಚದಿಂದ ತೊಳೆದು ಒರೆಸಿ. ಅನಂತರ ಹೊಲಿಗೆ ಯಂತ್ರಕ್ಕೆಂದೇ ಬರುವ ಬಿಳಿ ಎಣ್ಣೆಯನ್ನು ಎಲ್ಲ ಎಣ್ಣೆಗಂಡಿಗಳಿಗೆ, ಹುಕ್ಕಿನ ದಾರಿಗೆ ಹನಿಹನಿಯಾಗಿ ಬಿಟ್ಟು, ಒಂದು ರಾತ್ರಿ ಹಾಗೆಯೇ ಬಿಡಿ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಎಂಜಿನ್ ಆಯಿಲ್ ಈ ಯಂತ್ರಕ್ಕೆ ತೀರ ಮಂದ, ಎರಡೂ ಬೇಡ. ಮರುದಿನ ದಾರವಿಲ್ಲದೆ ಕೈಯಿಂದ ತಿರುಗಿಸಿ, ಚರ್ಮ ಕೊಡುವ ಮುನ್ನ ದಪ್ಪ ಕಾಗದದ ಮೇಲೆ ಹೊಲಿದು, ಕಾಗದದಲ್ಲಿ ಎಣ್ಣೆಯ ಕಲೆ ಬೀಳದಾಗುವವರೆಗೂ ಮುಂದುವರಿಸಿ. ಬಣ್ಣ ಹಾಕದ ಚರ್ಮ ಒಂದು ಹನಿ ಎಣ್ಣೆ ಹೀರಿದರೂ ಆ ಕಲೆ ಹೋಗುವುದಿಲ್ಲ.

ಇದೇ ಹೊತ್ತಿನಲ್ಲಿ ಒಂದು ಪರೀಕ್ಷೆ ಮಾಡಿ. ಹ್ಯಾಂಡ್ ವೀಲ್ ತಿರುಗಿಸಿದಾಗ ಸೂಜಿ ಮೇಲೆ ಕೆಳಗೆ ಆಡುತ್ತಿದ್ದು, ಕೆಳಗೆ ಹುಕ್ ಮಾತ್ರ ನಿಂತೇ ಇದೆಯೇ? ಹಾಗಿದ್ದರೆ ಕೆಟ್ಟಿರುವುದು ಏನೂ ಇಲ್ಲ. ಸೇಫ್ಟಿ ಕ್ಲಚ್ ಬಿಟ್ಟುಕೊಂಡಿದೆ ಅಷ್ಟೆ. ಹುಕ್ಕಿನಲ್ಲಿ ದಾರ ಸಿಕ್ಕಿಕೊಂಡಾಗ ಹುಕ್ಕಿಗೆ ಪೆಟ್ಟಾಗದಿರಲೆಂದು ಅದು ತಾನೇ ಕಳಚಿಕೊಳ್ಳುತ್ತದೆ. ಸಿಕ್ಕಿದ ದಾರವನ್ನು ಬಿಡಿಸಿ, ಬೆಡ್ಡಿನ (ಯಂತ್ರದ ಚಪ್ಪಟೆ ತಳಹಾಸಿನ) ಮೇಲಿರುವ ಗುಂಡಿಯನ್ನು ಒತ್ತಿ ಹಿಡಿದು, ಹ್ಯಾಂಡ್ ವೀಲನ್ನು ಹಿಮ್ಮುಖವಾಗಿ ಬಲವಾಗಿ ತಿರುಗಿಸಿದರೆ ‘ಟಕ್’ ಎಂದು ಮತ್ತೆ ಕೂರುತ್ತದೆ, ಟೈಮಿಂಗೂ ಮೊದಲಿನಂತೆಯೇ ಇರುತ್ತದೆ. ಸಿಂಗರ್ 111ರಂತಹ ಕೆಲವು ಹಳೆಯ ಯಂತ್ರಗಳಲ್ಲಿ ಬೆಡ್ಡಿನ ಮೇಲಿನ ಗುಂಡಿ ಹೊಲಿಗೆಯ ಉದ್ದ ಬದಲಿಸುವುದಕ್ಕಿರುತ್ತದೆ, ಆದ್ದರಿಂದ ನಿಮ್ಮ ಮಾದರಿಯ ಕೈಪಿಡಿಯನ್ನು ನೋಡಿಕೊಂಡೇ ಒತ್ತಿ. ಈ ಒಂದು ಗುಂಡಿಯ ಅರಿವಿಲ್ಲದೆ ಟೈಮಿಂಗ್ ಬಿಚ್ಚಿಸಿಕೊಂಡ ಯಂತ್ರಗಳು ಬಹಳ.

ಇನ್ನು ಸೂಜಿ. ನಿಮ್ಮ ತೊಂದರೆಯ ಮೂಲ ಇಲ್ಲಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹೊಲಿಗೆ ಹೇಗೆ ಕೂಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಿ: ನೀಡಲ್ ಪ್ಲೇಟ್ ತೆಗೆದು, ಸೂಜಿಗೆ ದಾರ ಪೋಣಿಸಿ, ಚರ್ಮದ ಚೂರೊಂದರ ಮೂಲಕ ಹ್ಯಾಂಡ್ ವೀಲಿನಿಂದ ನಿಧಾನವಾಗಿ ಇಳಿಸಿ. ಸೂಜಿ ತಳ ಮುಟ್ಟಿ ಮೇಲೇಳಲು ಆರಂಭಿಸಿದೊಡನೆ, ಚರ್ಮ ದಾರವನ್ನು ಹಿಡಿದಿರುವುದರಿಂದ ದಾರ ಸೂಜಿಯ ಜೊತೆ ಏರಲಾರದೆ, ಸೂಜಿಯ ಹಿಂಬದಿಯಲ್ಲಿ ಒಂದು ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಆ ಕುಣಿಕೆಯೊಳಗೆ ಹುಕ್ಕಿನ ಮೊನೆ ನುಗ್ಗಿದರೆ ಹೊಲಿಗೆ ಬಿತ್ತು. ಕುಣಿಕೆ ಮೂಡದಿದ್ದರೆ ಅಥವಾ ಚಿಕ್ಕದಾದರೆ ಹೊಲಿಗೆ ತಪ್ಪಿತು. ಕುಣಿಕೆ ಮೂಡಲು ಚರ್ಮ ಅಲುಗದೆ ನಿಲ್ಲಬೇಕು. ಬಟ್ಟೆಯ ಗುಂಡುಮೊನೆಯ ಸೂಜಿ ಚರ್ಮವನ್ನು ಕತ್ತರಿಸದೆ, ನಾರುಗಳನ್ನು ತಳ್ಳಿಕೊಂಡು ಒಳಹೊಗುತ್ತದೆ. ಹಾಗೆ ತಳ್ಳಿದ ನಾರು ಸೂಜಿಯನ್ನು ಸುತ್ತಲಿಂದ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಸೂಜಿ ಮೇಲೇಳುವಾಗ ಚರ್ಮವನ್ನೂ ಎತ್ತಿಕೊಂಡು ಬರುತ್ತದೆ. ಚರ್ಮ ಮೂರು ಮಿ.ಮೀ. ಮೇಲೆದ್ದರೆ ದಾರವೂ ಅಷ್ಟೇ ಮೇಲೆದ್ದು, ಕುಣಿಕೆ ಮೂಡುವುದೇ ಇಲ್ಲ. ಹುಕ್ ಸರಿಯಾದ ಹೊತ್ತಿಗೇ ಬಂದು, ಹಿಡಿಯಲು ಏನೂ ಸಿಗದೆ ಹೋಗುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಟೈಮಿಂಗ್ ದೋಷದಂತೆಯೇ ಕಾಣುತ್ತದೆ. ಬಟ್ಟೆಯಲ್ಲಿ ಹೊಲಿದದ್ದು ಚರ್ಮದಲ್ಲಿ ತಪ್ಪುವುದು ಇದರಿಂದ.

ಆದ್ದರಿಂದ ಚರ್ಮಕ್ಕೆ ಕೊಯ್ಯುವ ಮೊನೆಯ ಸೂಜಿಯೇ ಬೇಕು. ನಿಮ್ಮ ಯಂತ್ರದ ಸೂಜಿಯ ಸಿಸ್ಟಂ ಡಿಪಿ×17. ಅದೇ ಅಳತೆಯಲ್ಲಿ ಚರ್ಮದ ಮೊನೆ ಇರುವುದನ್ನು 135×16 ಎಂಬ ಹೆಸರಿನಲ್ಲಿ ಮಾರುತ್ತಾರೆ. ಅಂಗಡಿಯವರು ‘ಎಲ್ಲ ಒಂದೇ’ ಎಂದು ಗಾರ್ಮೆಂಟ್ ಯಂತ್ರದ ಡಿಬಿ×1 ಕೊಟ್ಟರೆ ಬೇಡವೆನ್ನಿ. ಅದರ ಬುಡದ ದಪ್ಪ ಸುಮಾರು 1.6 ಮಿ.ಮೀ., ನಿಮ್ಮದಕ್ಕೆ ಬೇಕಾದದ್ದು 2 ಮಿ.ಮೀ.; ಸ್ಕ್ರೂ ಬಿಗಿದರೂ ವಾರೆಯಾಗಿ ನಿಲ್ಲುತ್ತದೆ. ಡಿಪಿ×5ರ ಬುಡ ಸರಿಹೊಂದುತ್ತದೆ, ಆದರೆ ಉದ್ದ ಗಿಡ್ಡ. ಹಿಂದಿನ ಮಾಲೀಕರು ಡಿಪಿ×5 ಹಾಕಿ, ಅದಕ್ಕೆ ತಕ್ಕಂತೆ ನೀಡಲ್ ಬಾರನ್ನು (ಸೂಜಿ ಹಿಡಿದಿರುವ ಸರಳನ್ನು) ಕೆಳಗಿಳಿಸಿಕೊಂಡಿರುವ ಸಾಧ್ಯತೆಯೂ ಇದೆ. ಅದಕ್ಕೇ ಹೊಸ ಸೂಜಿ ಹಾಕಿದ ಮೇಲೆ ಮೊದಲ ಸುತ್ತನ್ನು ಕೈಯಿಂದಲೇ ತಿರುಗಿಸಿ; ಸೂಜಿ ಎಲ್ಲಿಯಾದರೂ ತಾಗಿದರೆ ಅಲ್ಲಿಯೇ ನಿಲ್ಲಿಸಿ. ಸೂಜಿಯ ತಗ್ಗು ಹುಕ್ಕಿನ ಕಡೆಗೆ, ಉದ್ದನೆಯ ಗೀರು ಅದರ ಎದುರು ಬದಿಗೆ ಇರಬೇಕು. ಬುಡ ದುಂಡಗಿರುವುದರಿಂದ ಸೂಜಿ ತುಸು ತಿರುಗಿ ಕೂರುವುದು ಸಾಮಾನ್ಯ. ಕಣ್ಣಿನೊಳಗೆ ಒಂದು ತೆಳು ತಂತಿ ತೂರಿಸಿ ನೋಡಿದರೆ ಓರೆ ಇದ್ದರೆ ಗೊತ್ತಾಗುತ್ತದೆ.

ಚರ್ಮದ ಮೊನೆಗಳಲ್ಲಿ ಎಲ್‌ಆರ್ ಎಂಬುದು 45 ಡಿಗ್ರಿ ಓರೆಯಾಗಿ ಕೊಯ್ಯುತ್ತದೆ, ಹೊಲಿಗೆ ಅಂದವಾಗಿ ತುಸು ವಾಲಿ ಕೂರುತ್ತದೆ. ಚೀಲ, ಬೆಲ್ಟು ಎರಡಕ್ಕೂ ಇದನ್ನೇ ಇಟ್ಟುಕೊಳ್ಳಿ. ಎಸ್ ಮೊನೆ ಹೊಲಿಗೆಯ ಗೆರೆಯುದ್ದಕ್ಕೂ ಸೀಳುವುದರಿಂದ ಹೊಲಿಗೆ ನೇರವಾಗಿ ಬೀಳುತ್ತದೆ. ಆದರೆ ಸೀಳುಗಳೆಲ್ಲ ಒಂದೇ ಗೆರೆಯ ಮೇಲಿರುವುದರಿಂದ ಹೊಲಿಗೆ ಚಿಕ್ಕದಾದರೆ ಅಂಚೆಚೀಟಿಯ ಅಂಚಿನಂತೆ ಚರ್ಮ ಆ ಗೆರೆಯಲ್ಲಿಯೇ ಹರಿಯುತ್ತದೆ. ಯಾವ ಮೊನೆಯಾದರೂ ಕೊಯ್ದ ರಂಧ್ರ ಮತ್ತೆ ಮುಚ್ಚುವುದಿಲ್ಲ, ಹೀಗಾಗಿ ಹೊಲಿಗೆಯ ಉದ್ದವನ್ನು 3 ಮಿ.ಮೀ.ಗಿಂತ ಕೆಳಗೆ ಇಳಿಸಬೇಡಿ. ಕೊರಳಪಟ್ಟಿಗೆ 4 ಮಿ.ಮೀ. ಚೆನ್ನ. ರೆಗ್ಜಿನ್, ಕ್ಯಾನ್ವಾಸ್ ಹೊಲಿಯುವಾಗ ಮಾತ್ರ ಗುಂಡುಮೊನೆಗೆ ಮರಳಿ. ಕೊಯ್ಯುವ ಮೊನೆ ಅವುಗಳ ನೇಯ್ಗೆಯನ್ನೇ ಕಡಿಯುತ್ತದೆ.

ಸೂಜಿಯ ಗಾತ್ರ ದಾರವನ್ನು ಅವಲಂಬಿಸಿದೆ. ಎನ್‌ಎಂ 140 ಎಂದರೆ 1.40 ಮಿ.ಮೀ. ದಪ್ಪದ ಸೂಜಿ, ಹಳೆಯ ಲೆಕ್ಕದಲ್ಲಿ ಅದು 22ನೆಯ ನಂಬರು. ತೆಳು ಚರ್ಮದ ಚೀಲಗಳಿಗೆ ಟೆಕ್ಸ್ 70ರ ದಾರ (ಟೆಕ್ಸ್ ಎಂಬುದು ದಾರದ ದಪ್ಪದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ದಾರ ದಪ್ಪ) ಮತ್ತು ಎನ್‌ಎಂ 110 ಸೂಜಿ, ಬೆಲ್ಟು ಹಾಗೂ ಪಟ್ಟಿಗಳಿಗೆ ಟೆಕ್ಸ್ 135ರ ದಾರ ಮತ್ತು ಎನ್‌ಎಂ 140 ಅಥವಾ 160ರ ಸೂಜಿ ಇಟ್ಟುಕೊಳ್ಳಿ. ದಾರದ ಕೋನಿನ ಮೇಲೆ ಟಿಕೆಟ್ ನಂಬರು ಬರೆದಿದ್ದರೆ 3,000ವನ್ನು ಆ ನಂಬರಿನಿಂದ ಭಾಗಿಸಿ, ಹೆಚ್ಚುಕಡಿಮೆ ಟೆಕ್ಸ್ ಸಿಗುತ್ತದೆ: 40ನೆಯ ಟಿಕೆಟ್ಟಿಗೆ 75, 20ನೆಯದಕ್ಕೆ 150. ಲೆಕ್ಕಕ್ಕಿಂತ ಕೈಪರೀಕ್ಷೆ ಇನ್ನೂ ಒಳ್ಳೆಯದು. ಬಿಡಿ ಸೂಜಿಗೆ ದಾರ ಪೋಣಿಸಿ, ದಾರವನ್ನು ಎರಡೂ ಕೈಯಲ್ಲಿ ಓರೆಯಾಗಿ ಬಿಗಿದು ಹಿಡಿಯಿರಿ. ಸೂಜಿ ತನ್ನ ಭಾರಕ್ಕೆ ತಾನೇ ತಿರುಗುತ್ತಾ ಕೆಳಗೆ ಜಾರಿದರೆ ಜೋಡಿ ಸರಿ, ಅಂಟಿ ನಿಂತರೆ ಒಂದು ಗಾತ್ರ ದೊಡ್ಡ ಸೂಜಿ ಬೇಕು.

ದಾರ ಬಾಂಡೆಡ್ ಆಗಿರಲಿ, ಅಂದರೆ ಎಳೆಗಳು ಬಿಚ್ಚಿಕೊಳ್ಳದಂತೆ ಮೇಲೆ ಲೇಪವಿರುವಂಥದ್ದು. ಚೀಲಗಳಿಗೆ ನೈಲಾನ್ ಉತ್ತಮ. ಹೋರಿಯ ಕೊರಳಿಗೆ ಬೀಳುವ ಪಟ್ಟಿ ಬಿಸಿಲಿನಲ್ಲಿ ಇರುವಂಥದ್ದಾದ್ದರಿಂದ ಅದಕ್ಕೆ ಪಾಲಿಯೆಸ್ಟರ್ ಹಾಕಿ. ಬಿಸಿಲಿಗೆ ನೈಲಾನ್ ಬೇಗ ಬಲ ಕಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತ ಅಗ್ಗದ ಕೋನನ್ನು ಕೊಳ್ಳುವ ಮೊದಲು ಒಂದು ಗೇಣು ದಾರವನ್ನು ಜಗ್ಗಿ ಹರಿದು ನೋಡಿ. ಕೋನ್ ಸ್ಟ್ಯಾಂಡಿನ ಕೊಕ್ಕೆ ಕೋನಿನ ನೆತ್ತಿಯ ನೇರಕ್ಕೆ, ಕೋನಿನ ಎತ್ತರದ ಎರಡು ಪಟ್ಟು ಮೇಲೆ ಇರಲಿ. ಓರೆಯಾಗಿದ್ದರೆ ದಾರ ಜಗ್ಗಿಜಗ್ಗಿ ಬಂದು ಟೆನ್ಷನ್ ಏರಿಳಿಯುತ್ತದೆ.

ಚರ್ಮದ ಮೇಲಿನ ಗುರುತಿಗೆ ಫುಟ್ಟುಗಳೇ ಕಾರಣ. ಈ ಯಂತ್ರಗಳಿಗೆ ಸಾಮಾನ್ಯವಾಗಿ ಹಲ್ಲಿರುವ ಫುಟ್ ಬರುತ್ತದೆ. ನಯವಾದ ತಳದ ಒಳ ಫುಟ್, ಹೊರ ಫುಟ್ ಎರಡನ್ನೂ ಬೇರೆಯಾಗಿ ತರಿಸಿ. ಸಿಗದಿದ್ದರೆ ಇರುವುದನ್ನೇ ಗಾಜಿನ ಮೇಲೆ ಹರಡಿದ 400, 800, 1500 ನಂಬರಿನ ವಾಟರ್ ಪೇಪರಿನ ಮೇಲೆ ಒಂದಾದ ಮೇಲೊಂದರಂತೆ ಉಜ್ಜಿ, ಅಂಚುಗಳನ್ನು ದುಂಡಗೆ ಮಾಡಿ. ಕೆಳಗಿನ ಫೀಡ್ ಹಲ್ಲಿನ ಚೂಪನ್ನು ಮಾತ್ರ ಮುರಿಯಿರಿ, ಪೂರ್ತಿ ಸವೆಸಬೇಡಿ. ಅನಂತರ ಫುಟ್ಟಿನ ಒತ್ತಡವನ್ನು ಕಡಿಮೆಯಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಏರಿಸುತ್ತಾ ಬನ್ನಿ. ಸೂಜಿ ಮೇಲೇಳುವಾಗ ಚರ್ಮ ಮೇಲೇಳದಷ್ಟು ಒತ್ತಡ ಇರಲೇಬೇಕು, ಗುರುತು ಬೀಳುವಷ್ಟು ಬೇಡ. ಇವೆರಡರ ನಡುವಿನ ಜಾಗವನ್ನು ನಿಮ್ಮದೇ ಚರ್ಮದ ಚೂರಿನ ಮೇಲೆ ಹುಡುಕಿಕೊಳ್ಳಬೇಕು. ಅಳಲೆಕಾಯಿ, ಜಾಲಿ ತೊಗಟೆಯಲ್ಲಿ ಹದ ಮಾಡಿದ ನಮ್ಮ ಕಡೆಯ ಚರ್ಮ ಗಟ್ಟಿಯಾಗಿರುತ್ತದೆ, ಒತ್ತಿದ ಗುರುತನ್ನು ಉಳಿಸಿಕೊಳ್ಳುತ್ತದೆ. ಕ್ರೋಮ್ ಹದದ ಮೃದು ಚರ್ಮ ಮರಳಿ ಉಬ್ಬುತ್ತದೆ, ಆದರೆ ಸೂಜಿಯ ಜೊತೆ ಹೆಚ್ಚು ಮೇಲೇಳುತ್ತದೆ. ಎರಡಕ್ಕೂ ಒಂದೇ ಒತ್ತಡ ಒಗ್ಗುವುದಿಲ್ಲ.

ಟೆನ್ಷನ್ನನ್ನು ಬಾಬಿನ್‌ನಿಂದ ಆರಂಭಿಸಿ. ಬಾಬಿನ್ ದಾರ ಕೈಯಿಂದ ಎಳೆದಾಗ ಅಡೆತಡೆಯಿಲ್ಲದೆ, ಆದರೆ ತುಸು ಬಿಗಿಯಾಗಿ ಬರಬೇಕು. ದಪ್ಪ ದಾರಕ್ಕೆ ಬಾಬಿನ್ ಕೇಸಿನ ಸ್ಪ್ರಿಂಗನ್ನು ಸಡಿಲಿಸಬೇಕಾಗುತ್ತದೆ. ಆ ಸ್ಪ್ರಿಂಗಿನ ಕೆಳಗೆ ದಾರ ಓಡಿ ಓಡಿ ಗೀರು ಬಿದ್ದಿದ್ದರೆ ಸ್ಪ್ರಿಂಗ್ ಬದಲಿಸಿ. ಆಮೇಲೆ ಮೇಲಿನ ಟೆನ್ಷನ್ನನ್ನು ಮಾತ್ರ ಹೊಂದಿಸುತ್ತಾ ಹೋಗಿ: ಕೆಳಗಿನ ದಾರ ಮೇಲೆ ಇಣುಕಿದರೆ ಮೇಲಿನದು ಹೆಚ್ಚು ಬಿಗಿ, ಅಡಿಯಲ್ಲಿ ಕುಣಿಕೆಗಳು ಕಂಡರೆ ಮೇಲಿನದು ಸಡಿಲ. ಮೇಲಿಗೊಂದು, ಕೆಳಗೊಂದು ಬಣ್ಣದ ದಾರ ಹಾಕಿ ಹೊಲಿದು, ಹೊಲಿಗೆಯ ಗೆರೆಯ ಮೇಲೆಯೇ ಚೂರಿಯಿಂದ ಕೊಯ್ದು ನೋಡಿದರೆ ಎರಡು ದಾರಗಳು ಎಲ್ಲಿ ಕೂಡಿವೆ ಎಂಬುದು ಕಣ್ಣಿಗೇ ಕಾಣುತ್ತದೆ. ಅವು ಚರ್ಮದ ದಪ್ಪದ ನಡುವೆ ಕೂಡಬೇಕು.

ಇಷ್ಟೆಲ್ಲ ಆದ ಮೇಲೂ ಹೊಲಿಗೆ ತಪ್ಪಿದರೆ ಆಗ ಟೈಮಿಂಗ್ ನೋಡಿ, ಅದೂ ಮೊದಲು ಏನನ್ನೂ ಸಡಿಲಿಸದೆ. ಹೊಲಿಗೆಯ ಉದ್ದವನ್ನು ಸೊನ್ನೆಗೆ ತಂದು, ಸೂಜಿ ತೀರ ಕೆಳಗೆ ಇಳಿದ ಜಾಗದಿಂದ ಸುಮಾರು 2 ಮಿ.ಮೀ. ಮೇಲೇಳುವಂತೆ ಕೈಯಿಂದ ತಿರುಗಿಸಿ. ಆಗ ಹುಕ್ಕಿನ ಮೊನೆ ಸೂಜಿಯ ನಡುಗೆರೆಗೆ ಬಂದಿರಬೇಕು, ಸೂಜಿಯ ಕಣ್ಣಿನ ಮೇಲಂಚಿಗಿಂತ ಸುಮಾರು ಒಂದೂವರೆ ಮಿ.ಮೀ. ಮೇಲಿರಬೇಕು, ಸೂಜಿಗೂ ಅದಕ್ಕೂ ನಡುವೆ 0.1 ಮಿ.ಮೀ. ಮೀರದಷ್ಟು, ಅಂದರೆ ಒಂದು ಹಾಳೆ ಕಾಗದ ಹಿಡಿಸುವಷ್ಟೇ ಸಂದಿರಬೇಕು. ನಿಖರ ಅಂಕಿಗಳಿಗೆ ನಿಮ್ಮ ಮಾದರಿಯ ಕೈಪಿಡಿಯೇ ಪ್ರಮಾಣ. ತೆಳು ಸೂಜಿಗೆ ಹೊಂದಿಸಿದ ಯಂತ್ರಕ್ಕೆ ಎನ್‌ಎಂ 160 ಹಾಕಿದಾಗ ಹುಕ್ಕಿನ ಮೊನೆ ಸೂಜಿಯನ್ನು ಸವರುವುದುಂಟು. ಅಂಥಲ್ಲಿ ಸಂದನ್ನು ಮಾತ್ರ ತಿದ್ದಿದರೆ ಸಾಕು. ಹುಕ್ಕಿನ ಮೊನೆಯ ಮೇಲೆ ಉಗುರು ಎಳೆದು ನೋಡಿ; ಒರಟು ತಗುಲಿದರೆ ನುಣುಪಾದ ಎಣ್ಣೆಕಲ್ಲಿನಿಂದ ತೀಡಿ ನಯಗೊಳಿಸಬಹುದು. ಮೊನೆ ಮುರಿದಿದ್ದರೆ ಮಾತ್ರ ಹೊಸ ಹುಕ್ಕಿಗೆ ಹಣ ಹಾಕಿ. ಮಿಸ್ತ್ರಿಯವರನ್ನು ಕರೆಸುವಾಗ, ತಪ್ಪುವ ಚರ್ಮದ ಚೂರನ್ನೂ ಅದೇ ಸೂಜಿ ಹಾಗೂ ದಾರವನ್ನೂ ಮುಂದಿಟ್ಟು ಅದರ ಮೇಲೆಯೇ ಪರೀಕ್ಷಿಸುವಂತೆ ಕೇಳಿಕೊಳ್ಳಿ.

ಈ ಯಂತ್ರ ಏನೆಲ್ಲ ಮಾಡಬಲ್ಲದು ಎಂಬ ಪ್ರಶ್ನೆಗೆ ಬರುತ್ತೇನೆ. ಎಲ್ಲ ಪದರಗಳೂ ಸೇರಿ 6ರಿಂದ 8 ಮಿ.ಮೀ. ಒಳಗಿನ ಚೀಲ, ಬೆಲ್ಟು, ಗೆಜ್ಜೆಪಟ್ಟಿಗಳನ್ನು ಅದು ನೆಮ್ಮದಿಯಿಂದ ಹೊಲಿಯುತ್ತದೆ. ಗಟ್ಟಿ ಚರ್ಮದ ಮೂರು ಪದರ ಸೇರಿಸಿ, ಒಳಗೆ ಮೆತ್ತೆ ಕೊಟ್ಟು ಮಾಡುವ ದಪ್ಪ ಕೊರಳಪಟ್ಟಿ ಈ ಯಂತ್ರದ ಶಕ್ತಿಗೆ ಮೀರಿದ್ದು. ಅದಕ್ಕೆ ಜೂಕಿ 441 ವರ್ಗದ ಭಾರಿ ಯಂತ್ರಗಳಿವೆ. ನಿಮ್ಮ ಸದ್ಯದ ಕೆಲಸಕ್ಕೆ ಅದನ್ನು ಕೊಳ್ಳಲು ನಾನು ಹೇಳಲಾರೆ. ಅಂಚುಗಳನ್ನು ರಂಪಿಯಿಂದ ಕೆತ್ತಿ ತೆಳುಮಾಡಿ ಒಟ್ಟು ದಪ್ಪವನ್ನು 8 ಮಿ.ಮೀ. ಒಳಗೆ ತನ್ನಿ, ಅದಕ್ಕೂ ಬಗ್ಗದ್ದನ್ನು ಈಗಿನಂತೆ ಕೈಯಿಂದಲೇ ಹೊಲಿಯಿರಿ. ಗಂಟೆ, ಗೆಜ್ಜೆಗಳ ಭಾರ ಬೀಳುವ ಜಾಗಕ್ಕೆ ಯಂತ್ರದ ಹೊಲಿಗೆಯನ್ನು ನೆಚ್ಚಬೇಡಿ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದನ್ನೊಂದು ಹಿಡಿದಿರುತ್ತವಷ್ಟೆ. ಒಂದು ಕಡೆ ಸವೆದು ಹರಿದರೆ ಅಕ್ಕಪಕ್ಕದ ಹೊಲಿಗೆಗಳೂ ಸಡಿಲುತ್ತವೆ. ಎರಡು ಸೂಜಿಯ ಕೈಹೊಲಿಗೆಯಲ್ಲಿ ಪ್ರತಿ ದಾರವೂ ರಂಧ್ರದ ಮೂಲಕ ಪೂರ್ತಿ ದಾಟುವುದರಿಂದ ಒಂದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಓಡುವ ಹೋರಿಯ ಕೊರಳಲ್ಲಿ ಪಟ್ಟಿ ಕಳಚಿದರೆ ಅದು ಕಾಲಿಗೆ ತೊಡರಬಹುದು, ಆದ್ದರಿಂದ ಬಕ್ಕಲ್ ಮತ್ತು ಉಂಗುರ ಕೂಡುವಲ್ಲಿ ಹಿತ್ತಾಳೆ ರಿವಿಟ್ ಹಾಗೂ ಕೈಹೊಲಿಗೆ ಎರಡೂ ಇರಲಿ.

ಚಪ್ಪಲಿಗೆ ಕೈ ಹಾಕುವ ಆಲೋಚನೆ ನಿಮಗಿದ್ದರೆ, ಅಟ್ಟೆಯ ಹೊಲಿಗೆಗೂ ಈ ಯಂತ್ರ ಒದಗದು. ಧಾರವಾಡ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಪಾಲುದಾರರಾಗಿ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ಅಟ್ಟೆಯನ್ನು ಚರ್ಮದ ಎಳೆಯಿಂದ ಕೈಯಲ್ಲೇ ಹೊಲಿಯುತ್ತಾರೆ. ಆ ಕೆಲಸದ ಬೆಲೆ ಇರುವುದೂ ಆ ಕೈಹೊಲಿಗೆಯಲ್ಲಿಯೇ. ಇನ್ನು ಪೂರ್ತಿ ಕೂಡಿಸಿದ ಚೀಲದ ಬಾಯಿ, ಮೂಲೆಗಳು ನಿಮ್ಮ ಯಂತ್ರದ ಚಪ್ಪಟೆ ಬೆಡ್ಡಿನ ಮೇಲೆ ಒಗ್ಗುವುದಿಲ್ಲ. ಅವಕ್ಕೆ ಕೊಳವೆಯಂಥ ಸಿಲಿಂಡರ್ ಬೆಡ್ ಬೇಕು. ಆದ್ದರಿಂದ ಕಿಸೆ, ಹಿಡಿಕೆ, ಬಕ್ಕಲ್ ಪಟ್ಟಿಗಳನ್ನೆಲ್ಲ ಚೀಲ ಬಿಡಿಯಾಗಿ ಚಪ್ಪಟೆ ಇರುವಾಗಲೇ ಹೊಲಿದು, ಪಕ್ಕಗಳನ್ನು ಕೊನೆಗೆ ಕೂಡಿಸುವಂತೆ ಕೆಲಸದ ಸರದಿಯನ್ನು ಹೊಂದಿಸಿಕೊಳ್ಳಿ.

ಹೊಲಿಗೆ ಶುರು ಮಾಡುವಾಗ ಮೇಲಿನ, ಕೆಳಗಿನ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಎಳೆದು ಬೆರಳಲ್ಲಿ ಹಿಡಿದು ಮೊದಲ ಮೂರು ಹೊಲಿಗೆ ದಾಟಿಸಿ, ಇಲ್ಲವಾದರೆ ತುದಿ ಹುಕ್ಕಿಗೆ ಸಿಕ್ಕಿ ಸೇಫ್ಟಿ ಕ್ಲಚ್ ಮತ್ತೆ ಕಳಚಿಕೊಳ್ಳುತ್ತದೆ. ಮುಗಿಸುವಾಗ ಎರಡು ಮೂರು ಹೊಲಿಗೆಯನ್ನು ಅವೇ ರಂಧ್ರಗಳಲ್ಲಿ ಹಿಂದಕ್ಕೆ ಹಾಕಬೇಕು. ಅವನ್ನು ಪೆಡಲ್ ಬಿಟ್ಟು ಹ್ಯಾಂಡ್ ವೀಲಿನಿಂದಲೇ ಹಾಕಿ, ಸೂಜಿ ಹಳೆಯ ರಂಧ್ರಕ್ಕೆ ಇಳಿಯುತ್ತಿದೆಯೇ ಎಂದು ಪ್ರತಿ ಸಲವೂ ನೋಡಿಕೊಳ್ಳಿ.